ನಿನ್ನ ಹೊಳೆ ಯಾವುದು?

ಹೋದ ವರ್ಷ ಒಂದು ದಿನ ಬೆಳಗ್ಗೆ ಆರೂವರೆಗೆ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ಅವಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನರ್ಸ್. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು, ಇಲ್ಲಿ ನಾನಿನ್ನೂ ಹಾಲಿನ ಪ್ಯಾಕೆಟ್ ಕತ್ತರಿಸುತ್ತಾ ನಿಂತಿದ್ದೆ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ ಅಲ್ವಾ, ಹಾಗೇ ಎತ್ತಿದೆ.

"ಅಣ್ಣಾ, ನಮ್ಮ ಹೊಳೆ ಯಾವ್ದು?" ಅಂದಳು.

ಅವಳ ಆಸ್ಪತ್ರೆಯಲ್ಲಿ ಹೊಸಬರು ತಮ್ಮನ್ನು ಪರಿಚಯ ಮಾಡಿಕೊಳ್ಳುವುದು ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಪದ್ಧತಿಯಲ್ಲಂತೆ. ಅದಕ್ಕೆ ಪೆಪೆಹಾ ಅನ್ನುತ್ತಾರೆ. ಎದ್ದು ನಿಂತು ಮೊದಲು ನಿನ್ನ ಬೆಟ್ಟ ಯಾವುದು ಅಂತ ಹೇಳಬೇಕು, ಆಮೇಲೆ ನಿನ್ನ ಹೊಳೆ, ನಿನ್ನ ಹಿರಿಯರು ಬಂದ ದೋಣಿ, ನಿನ್ನ ಬುಡಕಟ್ಟು, ನಿನ್ನ ಜನ ಸೇರುವ ಅಂಗಳ. ಇದೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ನಿನ್ನ ಹೆಸರು. ನಾವು ಮಾಡುವುದಕ್ಕೆ ಸರಿಯಾಗಿ ಉಲ್ಟಾ. ನಾವು ಹೆಸರು ಹೇಳಿ, ಕಂಪನಿ ಹೇಳಿ, ಅಲ್ಲಿಗೆ ಮುಗಿಸುತ್ತೇವೆ.

ನಮ್ಮ ಅಪ್ಪಂದಿರು ಮಾಗಡಿ ಕಡೆಯವರು. ನಾವು ಮಕ್ಕಳೆಲ್ಲ ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಶ್ರೀನಗರದಲ್ಲಿ. ಬೆಟ್ಟ ಸಾವನದುರ್ಗ ಅಂತ ತಕ್ಷಣ ಹೇಳಿಬಿಟ್ಟೆ. ಹೊಳೆ ಮಾತ್ರ ತಡವರಿಸಿದೆ. "ವೃಷಭಾವತಿ ಅಂತ ಹೇಳು, ಮೈಸೂರು ರೋಡಲ್ಲಿ ಮೂಗು ಮುಚ್ಕೊಂಡು ದಾಟ್ತಿದ್ವಲ್ಲ" ಅಂತ ತಮಾಷೆ ಮಾಡಿದೆ. ಅವಳು ನಗಲಿಲ್ಲ. ಆಮೇಲೆ ಅರ್ಕಾವತಿ ಅಂತ ತೀರ್ಮಾನ ಆಯಿತು. ವೃಷಭಾವತಿಯೂ ಹೋಗಿ ಸೇರುವುದು ಅರ್ಕಾವತಿಯನ್ನೇ, ಹಾಗಾಗಿ ನನ್ನ ತಮಾಷೆಯೂ ಪೂರ್ತಿ ಸುಳ್ಳಲ್ಲ.

ಎರಡು ದಿನ ಬಿಟ್ಟು ಮತ್ತೆ ಮಾತಾಡಿದಾಗ ಅವಳೇ ಇನ್ನೊಂದು ವಿಷಯ ಹೇಳಿದಳು. ಇದೇ ಪೆಪೆಹಾವನ್ನು ಅಲ್ಲಿನ ಜೈಲುಗಳಲ್ಲಿ ಕೈದಿಗಳಿಗೆ ಕಲಿಸುತ್ತಾರಂತೆ. ಕಳ್ಳತನ, ಹೊಡೆದಾಟ, ಅದಕ್ಕಿಂತ ಕೆಟ್ಟದ್ದು ಮಾಡಿ ಒಳಗೆ ಬಂದವರಿಗೆ. ಮೂವತ್ತು ಮೂವತ್ತೈದರ ಗಂಡಸರು, ಮೈತುಂಬ ಗ್ಯಾಂಗ್‌ನ ಹಚ್ಚೆ ಹಾಕಿಸಿಕೊಂಡವರು, ತಮ್ಮ ಬೆಟ್ಟ ಯಾವುದು ಅಂತ ಗೊತ್ತಿಲ್ಲದೆ ತಲೆ ತಗ್ಗಿಸಿ ನಿಲ್ಲುತ್ತಾರಂತೆ. ನನಗೆ ಆ ಚಿತ್ರ ತಲೆಯಿಂದ ಹೋಗಲಿಲ್ಲ. ಆಮೇಲೆ ಒಂದು ತಿಂಗಳು ರಾತ್ರಿ ಊಟ ಆದ ಮೇಲೆ ಅದನ್ನೇ ಓದುತ್ತಾ ಕೂತೆ. ಹೆಂಡತಿ, "ನಿಮಗೆ ಆ ಊರಿನ ಜೈಲಿನ ಉಸಾಬರಿ ಯಾಕೆ" ಅಂತ ಎರಡು ಸಲ ಕೇಳಿದಳು. ಅದಕ್ಕೆ ಉತ್ತರ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. ನ್ಯೂಜಿಲೆಂಡಿನಲ್ಲಿ ಮಾವೋರಿಗಳು ನೂರಕ್ಕೆ ಸುಮಾರು 17 ಜನ. ಜೈಲಿನಲ್ಲಿ ಅವರು ಅರ್ಧಕ್ಕಿಂತ ಜಾಸ್ತಿ. ಹೆಂಗಸರ ಜೈಲಿನಲ್ಲಿ ನೂರಕ್ಕೆ 60ರ ಮೇಲೆ. ಇಡೀ ದೇಶದ ಜನಸಂಖ್ಯೆಯೇ 50 ಲಕ್ಷದ ಆಸುಪಾಸು, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಸಣ್ಣ ದೇಶದಲ್ಲಿ ಈ ಲೆಕ್ಕ ಇಟ್ಟುಕೊಂಡರೆ, ಎಷ್ಟೋ ಮಾವೋರಿ ಮನೆಗಳಲ್ಲಿ ಒಳಗೆ ಹೋಗಿ ಬಂದ ಒಬ್ಬ ಮಾವನೋ ಅಣ್ಣನೋ ಇರುತ್ತಾನೆ ಅಂತ ಅರ್ಥ.

ಇದು ಹೇಗಾಯಿತು ಅಂತ ಕೇಳಿದರೆ ಕಥೆ 1840ಕ್ಕೆ ಹೋಗುತ್ತದೆ. ಆ ವರ್ಷ ಫೆಬ್ರವರಿ 6ರಂದು ಬ್ರಿಟಿಷರಿಗೂ ಮಾವೋರಿ ಮುಖಂಡರಿಗೂ ವೈಟಾಂಗಿ ಅನ್ನುವಲ್ಲಿ ಒಪ್ಪಂದ ಆಯಿತು. ಇಂಗ್ಲಿಷ್ ಪ್ರತಿಯಲ್ಲಿ ಒಂದು ಮಾತು, ಮಾವೋರಿ ಪ್ರತಿಯಲ್ಲಿ ಇನ್ನೊಂದು. 1860ರ ದಶಕದಲ್ಲಿ ಯುದ್ಧ, ಯುದ್ಧದ ಹೆಸರಲ್ಲಿ ಕಾನೂನು ಮಾಡಿ ಜಮೀನು ಮುಟ್ಟುಗೋಲು. ಪರಿಹಾಕ ಅನ್ನುವ ಊರಿನವರು ಆಯುಧ ಹಿಡಿಯದೆ ವಿರೋಧ ಮಾಡಿದರು. ಸರ್ವೆ ಮಾಡಿದ ಜಮೀನಿನಲ್ಲಿ ಸುಮ್ನೆ ಹೋಗಿ ನೇಗಿಲು ಹೂಡುತ್ತಿದ್ದರು, ಅಷ್ಟೇ. ಅವರನ್ನು ಹಿಡಿದು, ವಿಚಾರಣೆಯೂ ಇಲ್ಲದೆ, ದೂರದ ದಕ್ಷಿಣ ದ್ವೀಪದ ಜೈಲುಗಳಿಗೆ ಕಳಿಸಿ ಕಲ್ಲು ಮಣ್ಣು ಹೊರಿಸಿದರು. 1881ರ ನವೆಂಬರ್ 5ರಂದು ಸೈನ್ಯ ಊರಿಗೇ ನುಗ್ಗಿತು. ಎದುರಿಗೆ ಬಂದದ್ದು ಹಾಡುತ್ತಿದ್ದ ಮಕ್ಕಳು. ನಮ್ಮಲ್ಲಿ ಗಾಂಧಿ ಅಂತ ಒಬ್ಬರು ಆಗಿನ್ನೂ ಹನ್ನೆರಡು ವರ್ಷದ ಹುಡುಗ.

ಆಮೇಲೆ ಶಾಲೆಯಲ್ಲಿ ಮಾವೋರಿ ಮಾತಾಡಿದರೆ ಬೆತ್ತದ ಏಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಒಂದೇ ತಲೆಮಾರಿನಲ್ಲಿ ಹಳ್ಳಿ ಬಿಟ್ಟು ಪೇಟೆಗೆ ಬಂದರು. ಪೇಟೆಯಲ್ಲಿ ಅಜ್ಜಿಯೂ ಇಲ್ಲ, ಅಂಗಳವೂ ಇಲ್ಲ. ತುಂಟ ಹುಡುಗರನ್ನು, ಬಡ ಹುಡುಗರನ್ನು, ಸುಮ್ನೆ ಶಾಲೆ ತಪ್ಪಿಸಿದ ಹುಡುಗರನ್ನೂ ಸರ್ಕಾರದವರು ಎತ್ತಿಕೊಂಡು ಹೋಗಿ ಬಾಲಮಂದಿರಗಳಿಗೆ ಹಾಕಿದರು. ಅಲ್ಲಿ ಏನೇನಾಯಿತು ಅನ್ನುವುದನ್ನು ಅಲ್ಲಿನ ವಿಚಾರಣಾ ಆಯೋಗ 2024ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಬರೆದಿದೆ. ಎರಡು ಪುಟ ಓದಿ ಮುಚ್ಚಿಟ್ಟೆ, ಮತ್ತೆ ತೆರೆಯಲು ಒಂದು ವಾರ ಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಬಾಲಮಂದಿರಗಳಲ್ಲಿ ಜೊತೆಯಾದ ಹುಡುಗರೇ ಎಷ್ಟೋ ಜನ ಹೊರಗೆ ಬಂದು ಮಾಂಗ್ರೆಲ್ ಮಾಬ್, ಬ್ಲ್ಯಾಕ್ ಪವರ್ ಅನ್ನುವ ಗ್ಯಾಂಗ್‌ಗಳನ್ನು ಸೇರಿದರು. ಮನೆ ಕಿತ್ತುಕೊಂಡ ಮೇಲೆ ಇನ್ನೊಂದು ಮನೆ ಕಟ್ಟಿಕೊಂಡರು, ಅದು ಗ್ಯಾಂಗ್ ಆಗಿತ್ತು.

1988ರಲ್ಲಿ ಮೊಆನಾ ಜಾಕ್ಸನ್ ಅನ್ನುವ ಮಾವೋರಿ ವಕೀಲರು ಊರೂರು ಸುತ್ತಿ, ಜನರ ಮಾತು ಕೇಳಿ ಒಂದು ವರದಿ ಬರೆದರು. ಅವರು ಹೇಳಿದ್ದು ಇಷ್ಟು: ನಮ್ಮವರು ಯಾಕೆ ತಪ್ಪು ಮಾಡುತ್ತಾರೆ ಅಂತ ಅವರೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಬೇಡಿ, ನಮಗೆ ಏನಾಯಿತು ಅನ್ನುವುದನ್ನೂ ನೋಡಿ. ಮಾವೋರಿಗಳಿಗೆ ಅವರದೇ ನ್ಯಾಯ ವ್ಯವಸ್ಥೆ ಬೇಕು ಅಂತಲೂ ಕೇಳಿದರು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಆದರೆ 1990ರ ದಶಕದ ಕೊನೆಯಲ್ಲಿ ಜೈಲಿನ ಒಳಗೇ ಮಾವೋರಿ ಪದ್ಧತಿಯ ಪ್ರತ್ಯೇಕ ಘಟಕಗಳನ್ನು ಶುರು ಮಾಡಿದರು. ಹಾಕ್ಸ್ ಬೇ ಜೈಲಿನಲ್ಲಿ ಮೊದಲನೆಯದು. ಆಮೇಲೆ ರಿಮುಟಾಕ, ಟೊಂಗರಿರೊ, ವೈಕೆರಿಯಾ, ಫಂಗನೂಯಿ. ಹ್ಯಾಮಿಲ್ಟನ್‌ನಿಂದ ದಕ್ಷಿಣಕ್ಕೆ ಹೋದರೆ ವೈಕೆರಿಯಾ ಸಿಗುತ್ತದೆ, ಸುತ್ತ ಹಸುಗಳು ಮೇಯುವ ಹಸಿರು ಬಯಲು. ಅಲ್ಲಿನ ಘಟಕದ ಹೆಸರು ಟೆ ಆವೋ ಮಾರಮ. ಬೆಳಕಿನ ಲೋಕ ಅಂತ.

ಈ ಘಟಕಗಳಲ್ಲಿ ಇರುವವರು ತಾವಾಗಿ ಒಪ್ಪಿ ಬಂದವರು. ಬೆಳಗ್ಗೆ ಕರಕಿಯ, ಅಂದರೆ ಪ್ರಾರ್ಥನೆ, ಆಮೇಲೆ ಹಾಡು. ಭಾಷೆಯ ಪಾಠ, ಹಾಕ, ಮರದ ಕೆತ್ತನೆ. ಜೊತೆಗೆ ಗುಂಪಾಗಿ ಕೂತು ಮಾತಾಡುವ ಚಿಕಿತ್ಸೆ. ಅದನ್ನು ನಡೆಸುವವರೂ ಮಾವೋರಿಗಳೇ. ಯಾವಾಗ ಸಿಟ್ಟು ಬಂತು, ಆಗ ಯಾರ ಜೊತೆ ಇದ್ದೆ, ಹೊಡೆದ ಮೇಲೆ ಏನಾಯಿತು, ಹೊಡೆಸಿಕೊಂಡವರ ಮನೆಯಲ್ಲಿ ಏನಾಯಿತು ಅಂತ ಒಂದೊಂದೇ ಬಿಡಿಸುತ್ತಾ ಹೋಗಬೇಕು. ಹಾಕ ಅಂದರೆ ರಗ್ಬಿ ಮ್ಯಾಚಿನ ಮೊದಲು ನಾಲಿಗೆ ಚಾಚಿ ತೊಡೆ ತಟ್ಟುವುದು ಅಂತಷ್ಟೇ ನನಗೆ ಗೊತ್ತಿದ್ದದ್ದು. ಅದನ್ನು ಮಾಡಬೇಕಾದರೆ ನಲವತ್ತು ಜನರ ಉಸಿರು ಒಂದೇ ತಾಳದಲ್ಲಿ ಬರಬೇಕು, ಪಕ್ಕದವನ ಕೈ ನಿನ್ನ ಕೈ ಜೊತೆ ಏಳಬೇಕು. ಡೊಳ್ಳು ಕುಣಿತ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ತಪ್ಪಿದರೂ ಎಲ್ಲರಿಗೂ ಕೇಳಿಸುತ್ತದೆ. ಬೇರೆ ಬೇರೆ ಗ್ಯಾಂಗಿನವರು ಒಂದೇ ಸಾಲಿನಲ್ಲಿ ನಿಂತಾಗ ಅದು ಸಣ್ಣ ಮಾತಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಮನೆಯ ಚಿತ್ರ. ಮೇಸನ್ ಡ್ಯೂರಿ ಅನ್ನುವ ಮಾವೋರಿ ಮನೋವೈದ್ಯರು 1980ರ ದಶಕದಲ್ಲಿ ಮನುಷ್ಯನ ಆರೋಗ್ಯವನ್ನು ನಾಲ್ಕು ಗೋಡೆಯ ಮನೆಗೆ ಹೋಲಿಸಿದರು. ಒಂದು ಗೋಡೆ ದೇಹ, ಒಂದು ಮನಸ್ಸು, ಒಂದು ಫಾನೌ ಅಂದರೆ ಬಂಧುಬಳಗ, ಇನ್ನೊಂದು ವೈರುವ. ವೈರುವಕ್ಕೆ ಆತ್ಮ ಅಂದರೆ ಸರಿಹೋಗಲ್ಲ, ಒಳಗಿನ ಜೀವ ಅನ್ನಬಹುದೇನೋ. ಒಂದು ಗೋಡೆ ಬಿದ್ದರೂ ಸೂರು ವಾಲುತ್ತದೆ. ಮಾಮೂಲಿ ಜೈಲು ಏನು ಮಾಡುತ್ತದೆ? ಒಬ್ಬನನ್ನು ಒಂಟಿ ಮಾಡುತ್ತದೆ. ಅಂದರೆ ಈಗಾಗಲೇ ಬಿದ್ದಿರುವ ಗೋಡೆಯನ್ನೇ ಇನ್ನಷ್ಟು ಕೆಡವುತ್ತದೆ. ಅದಕ್ಕೇ ಈ ಕಾರ್ಯಕ್ರಮಗಳಲ್ಲಿ ಮನೆಯವರನ್ನೂ ಒಳಗೆ ಎಳೆದುಕೊಳ್ಳುತ್ತಾರೆ. 2011ರಲ್ಲಿ ಫಾರೆ ಒರಾಂಗಾ ಆಕೆ ಅಂತ ಇನ್ನೊಂದು ಬಗೆಯದು ಶುರುವಾಯಿತು. ಹಾಕ್ಸ್ ಬೇ ಜೈಲಿನಲ್ಲಿ ಒಂದು, ಸ್ಪ್ರಿಂಗ್ ಹಿಲ್ ಜೈಲಿನಲ್ಲಿ ಒಂದು, ಎರಡೂ ಬೇಲಿಯ ಹೊರಗೆ. ಬಿಡುಗಡೆ ಹತ್ತಿರ ಬಂದವರು ಅಲ್ಲಿ ಮನೆಯಂಥ ಮನೆಗಳಲ್ಲಿ ಇರುತ್ತಾರೆ. ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಕೆಲಸ ಹುಡುಕುತ್ತಾರೆ, ತಮ್ಮ ಜನರನ್ನು ಮತ್ತೆ ಹುಡುಕಿಕೊಳ್ಳುತ್ತಾರೆ. ಹತ್ತು ವರ್ಷ ಗಂಟೆ ಹೊಡೆದಾಗ ತಟ್ಟೆ ಹಿಡಿದವನಿಗೆ ಅಕ್ಕಿಗೆ ಎಷ್ಟು ನೀರು ಇಡಬೇಕು ಅನ್ನುವುದೂ ಮರೆತಿರುತ್ತದೆ.

ಇಲ್ಲಿ ಎರಡು ಪದ ಹೇಳಲೇಬೇಕು. ಒಂದು ಫಕಮಾ. ನಾಚಿಕೆ, ಅವಮಾನ, ತಲೆ ಎತ್ತಲಾಗದ ಸ್ಥಿತಿ. ಇನ್ನೊಂದು ಮನಾ. ಒಬ್ಬನಿಗೆ ಹಿರಿಯರಿಂದ ಬಂದ, ಅವನ ನಡತೆಯಿಂದ ಬೆಳೆದ ಗೌರವ, ತೂಕ. ನಮ್ಮ "ಮಾನ"ದ ಹತ್ತಿರ ಹತ್ತಿರ ಬರುತ್ತದೆ. ಎರಡಕ್ಕೂ ಸಂಬಂಧ ಏನಿಲ್ಲ, ಸುಮ್ನೆ ಸದ್ದು ಕೂಡಿಬಂದಿದೆ, ದಯವಿಟ್ಟು ಇದನ್ನು ಹಿಡಿದುಕೊಂಡು ಮಾವೋರಿಗಳು ಕನ್ನಡದವರು ಅಂತ ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ. ಅಲ್ಲಿನವರ ವಾದ ಏನೆಂದರೆ, ಮಾನ ಕಳೆದುಕೊಂಡವನಿಗೆ ಇನ್ನಷ್ಟು ಮಾನ ಕಳೆದರೆ ಅವನು ತಿದ್ದಿಕೊಳ್ಳುವುದಿಲ್ಲ. ಕಳೆದುಕೊಳ್ಳಲು ಏನಾದರೂ ಇದ್ದವನಿಗೇ ತಪ್ಪು ಮಾಡಲು ಹೆದರಿಕೆ ಇರುವುದು.

ಕೇಳೋಕೆ ಚೆನ್ನಾಗಿದೆ, ಕೆಲಸ ಮಾಡುತ್ತಾ? ಆಕ್ಲೆಂಡ್ ಜೈಲಿನಲ್ಲಿ ಟೆ ಪಿರಿಟಿ ಅಂತ ಒಂದು ಘಟಕ ಇದೆ, 1994ರಲ್ಲಿ ಶುರುವಾದದ್ದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೆ ಚಿಕಿತ್ಸೆ ಕೊಡುವ ಜಾಗ. ಅದಕ್ಕೂ ಮೊದಲು ಕ್ರೈಸ್ಟ್‌ಚರ್ಚ್ ಹತ್ತಿರದ ರೋಲ್‌ಸ್ಟನ್ ಜೈಲಿನಲ್ಲಿ ಕಿಯಾ ಮಾರಮ ಅಂತ ಅದೇ ಬಗೆಯ ಇನ್ನೊಂದು ಘಟಕ ಇತ್ತು. ಚಿಕಿತ್ಸೆಯ ತಿರುಳು ಎರಡರಲ್ಲೂ ಒಂದೇ. ಟೆ ಪಿರಿಟಿಯಲ್ಲಿ ಮಾತ್ರ ಅದಕ್ಕೆ ಮಾವೋರಿ ಪದ್ಧತಿಯನ್ನು ಹೆಣೆದರು. 2003ರಲ್ಲಿ ಹೋಲಿಸಿ ನೋಡಿದಾಗ, ಚಿಕಿತ್ಸೆ ಮುಗಿಸಿ ಹೊರಬಂದ ಮಾವೋರಿ ಗಂಡಸರಲ್ಲಿ ಮತ್ತೆ ಅಂಥದ್ದೇ ಅಪರಾಧ ಮಾಡಿದವರು ಕಿಯಾ ಮಾರಮದಲ್ಲಿ ನೂರಕ್ಕೆ 13-14, ಟೆ ಪಿರಿಟಿಯಲ್ಲಿ 4-5. ಇದೊಂದೇ ಅಂಕಿ ಹಿಡಿದುಕೊಂಡು ಕುಣಿಯುವಂತಿಲ್ಲ, ಎರಡೂ ಕಡೆ ಜನ ಕಮ್ಮಿ. ಆದರೂ ನಾನು ಆ ಸಾಲನ್ನು ಮೂರು ಸಲ ಓದಿದೆ. ಯಾಕೆಂದರೆ ಅದು ಹಾಡು ಕಲಿಸಿ ಕಳಿಸಿದ ಕಥೆ ಅಲ್ಲ. ಗಟ್ಟಿ ಚಿಕಿತ್ಸೆಯೂ ಇತ್ತು, ಅದನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಮನೆಯೂ ಇತ್ತು.

ವಿರೋಧವೂ ಕಮ್ಮಿ ಇಲ್ಲ. ಒಂದು ಕಡೆಯವರು, ಒಂದೇ ಜನಕ್ಕೆ ಯಾಕೆ ವಿಶೇಷ, ತೆರಿಗೆ ಹಣ ಅನ್ನುತ್ತಾರೆ. ಇದು ನಮಗೂ ಚೆನ್ನಾಗಿ ಗೊತ್ತಿರುವ ಹಾಡೇ. ಇನ್ನೊಂದು ಕಡೆಯ ಟೀಕೆ ಮಾವೋರಿಗಳಿಂದಲೇ ಬರುತ್ತದೆ, ನನಗೆ ಅದು ಜಾಸ್ತಿ ನಾಟಿತು. ನಮ್ಮ ಭೂಮಿ ಕಿತ್ತವನೇ, ನಮ್ಮ ಭಾಷೆಗೆ ಬೆತ್ತ ಎತ್ತಿದವನೇ, ಈಗ ಬೀಗ ಹಾಕಿದ ಕೋಣೆಯಲ್ಲಿ ಕೂರಿಸಿ ನಮಗೆ ನಮ್ಮ ಭಾಷೆ ಕಲಿಸುತ್ತಾನೆ ಅಂದರೆ ಏನು ಹೇಳೋಣ? ಒಬ್ಬ ತನ್ನ ಅಜ್ಜಿಯ ಭಾಷೆಯಲ್ಲಿ ನಾಲ್ಕು ಮಾತು ಕಲಿಯೋಕೆ ಜೈಲಿಗೆ ಹೋಗಬೇಕಾ? ಹಾಡು, ಕೆತ್ತನೆ, ಪ್ರಾರ್ಥನೆ ಎಲ್ಲ ಇದ್ದರೂ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಬದಲಾಗಲಿಲ್ಲವಲ್ಲ. 2020ರ ಡಿಸೆಂಬರ್ ಕೊನೆಯಲ್ಲಿ, ಅದೇ ವೈಕೆರಿಯಾ ಜೈಲಿನಲ್ಲಿ, ಬೆಳಕಿನ ಲೋಕ ಇರುವಲ್ಲೇ, ಹಳೇ ಕಟ್ಟಡದ ಕೈದಿಗಳು ಕುಡಿಯುವ ನೀರು ಕಂದು ಬಣ್ಣಕ್ಕೆ ಬರುತ್ತಿದೆ ಅಂತ ರೊಚ್ಚಿಗೆದ್ದು, ಬೆಂಕಿ ಹಚ್ಚಿ, ಆರು ದಿನ ಚಾವಣಿ ಮೇಲೆ ಕೂತರು. ಕೊನೆಗೆ ಅವರು ಇಳಿದದ್ದು ರಾವಿರಿ ವೈಟಿಟಿ ಅನ್ನುವ ಮಾವೋರಿ ಸಂಸದ ಹೋಗಿ ಕರೆದ ಮೇಲೆ.

ಸರ್ಕಾರದ ನಡೆಯೂ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ನಿವೃತ್ತ ಪ್ರೊಬೇಷನ್ ಅಧಿಕಾರಿಯೊಬ್ಬರು ದೂರು ಕೊಟ್ಟು, 2017ರಲ್ಲಿ ವೈಟಾಂಗಿ ನ್ಯಾಯಮಂಡಳಿ, ಅಂದರೆ 1840ರ ಒಪ್ಪಂದ ಮುರಿದ ದೂರುಗಳನ್ನು ಕೇಳುವ ಮಂಡಳಿ, ಮಾವೋರಿಗಳು ಮತ್ತೆ ಮತ್ತೆ ಜೈಲಿಗೆ ಬರುವುದನ್ನು ತಗ್ಗಿಸುವ ಕೆಲಸಕ್ಕೆ ಸರ್ಕಾರ ಮಹತ್ವ ಕೊಟ್ಟಿಲ್ಲ, ಇದು ಒಪ್ಪಂದದ ಉಲ್ಲಂಘನೆ ಅಂತ ಹೇಳಿತು. 2019ರಲ್ಲಿ ಜೈಲು ಇಲಾಖೆ ಹೋಕಾಯಿ ರಂಗಿ ಅಂತ ಹೊಸ ಯೋಜನೆ ತಂದಿತು. ಕೆಲವು ವರ್ಷ ಕೈದಿಗಳ ಸಂಖ್ಯೆ ಇಳಿಯಿತು. ಆಮೇಲೆ ಸರ್ಕಾರ ಬದಲಾಯಿತು. ಶಿಕ್ಷೆ ಕೊಡುವ ಮೊದಲು ಆರೋಪಿಯ ಹಿನ್ನೆಲೆ ತಿಳಿಸುವ ವರದಿಗಳಿಗೆ ಕೊಡುತ್ತಿದ್ದ ಕಾನೂನು ನೆರವಿನ ಹಣವನ್ನು 2024ರಲ್ಲಿ ನಿಲ್ಲಿಸಿದರು. 2025ರ ಹೊತ್ತಿಗೆ ಕೈದಿಗಳ ಸಂಖ್ಯೆ ಮತ್ತೆ 10 ಸಾವಿರ ದಾಟಿತ್ತು.

ಈಗ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ಎರಡೆಳೆ ಸರ ಕಿತ್ತುಕೊಂಡು ಹೋದರು. ಬೆಳಗ್ಗೆ ರಂಗೋಲಿ ಹಾಕುತ್ತಿದ್ದವರ ಹಿಂದೆ ಬೈಕ್ ನಿಂತಿತು, ಅಷ್ಟೇ. ಬಿದ್ದು ಮೊಣಕೈ ಒಡೆಯಿತು. ಕುತ್ತಿಗೆಯಲ್ಲಿ ಕೆಂಪು ಗೆರೆ ಎರಡು ವಾರ ಇತ್ತು. ಸರಕ್ಕಿಂತ ದೊಡ್ಡಮ್ಮನಿಗೆ ಹೋದದ್ದು ಧೈರ್ಯ. ಇವತ್ತಿಗೂ ಬೈಕ್ ಸದ್ದು ಕೇಳಿದರೆ ಕೈ ಕುತ್ತಿಗೆಗೆ ಹೋಗುತ್ತದೆ. ಹಾಗಾಗಿ ಕೈದಿಗಳ ಮಾನದ ಬಗ್ಗೆ ಬರೆಯುವಾಗ ಆ ಕೆಂಪು ಗೆರೆ ನನಗೆ ಮರೆತಿಲ್ಲ.

ಠಾಣೆಯಲ್ಲಿ ಕಂಪ್ಲೇಂಟ್ ಬರೆದುಕೊಳ್ಳುತ್ತಿದ್ದವರು, "ಯಾರ ಮೇಲಾದ್ರೂ ಡೌಟ್ ಇದ್ಯಾ?" ಅಂತ ಕೇಳಿದರು. ಮಾಮೂಲಿ ಪ್ರಶ್ನೆ. ಇಲ್ಲ ಅನ್ನಬಹುದಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಶಾಮಿಯಾನ ಅಂಗಡಿ ಇದೆ. ಅಲ್ಲಿ ಕಂಬ ನೆಡುವ, ಖುರ್ಚಿ ಇಳಿಸುವ ಒಬ್ಬ ಹುಡುಗ. ಹತ್ತೊಂಬತ್ತು ವರ್ಷಕ್ಕೆ ಬೈಕ್ ಕದ್ದ ಕೇಸಲ್ಲಿ ಒಳಗೆ ಹೋಗಿದ್ದ. ಜಾಮೀನಿಗೆ ಶ್ಯೂರಿಟಿ ಕೊಡೋರು ಸಿಗದೆ ಏಳು ತಿಂಗಳು ಇದ್ದು ಬಂದಿದ್ದ. ಬೀದಿಯವರಿಗೆಲ್ಲ ಗೊತ್ತಿತ್ತು. ನಾನು ಅದನ್ನು ಹೇಳಿದೆ. "ಯಾವ ಜನ?" ಅಂತ ಕೇಳಿದರು. ಅದನ್ನೂ ಹೇಳಿದೆ.

ಹೇಳಿದ ತಕ್ಷಣ ಆ ಕಡೆಯಿಂದ "ಓ" ಅಂತ ಒಂದು ಸದ್ದು ಬಂತು. ಪೆನ್ನು ಓಡಿತು.

ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಕೆಲವು ಜನಾಂಗಗಳನ್ನೇ ಹುಟ್ಟಾ ಕಳ್ಳರು ಅಂತ ಪಟ್ಟಿ ಮಾಡಿದ್ದರು. ಅಂಥವರನ್ನು ಬೇಲಿ ಹಾಕಿದ ಜಾಗಗಳಲ್ಲಿ ಇಟ್ಟು ದಿನಾ ಹಾಜರಿ ಕರೆಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. 1952ರಲ್ಲಿ ಆ ಕಾನೂನು ಹೋಯಿತು. ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು, ಕರ್ನಾಟಕದ್ದು 1961ರದ್ದು. ಪಟ್ಟಿ ಹರಿದು ಹಾಕಿದರೂ ಆ "ಓ" ಅನ್ನುವ ಸದ್ದು ಹೋಗಿಲ್ಲ. ಈ ಹುಡುಗನ ಮನೆತನ ಆ ಪಟ್ಟಿಯಲ್ಲಿದ್ದ ಒಂದು ಸಮುದಾಯದ್ದು. ಎರಡು ದಿನ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡರು. ಸರ ಕಿತ್ತ ದಿನ ಅವನು ತುಮಕೂರಲ್ಲಿ ಒಂದು ಮದುವೆಗೆ ಚಪ್ಪರ ಹಾಕುತ್ತಿದ್ದ, ಫೋಟೋನೂ ಇತ್ತು. ಬಿಟ್ಟರು. ಸರ ಸಿಗಲೇ ಇಲ್ಲ. ವಾಪಸ್ ಬಂದ ಮೇಲೆ ಅವನು ಎಡಗಾಲು ಸ್ವಲ್ಪ ಎಳೆಯುತ್ತಾ ನಡೆಯುತ್ತಿದ್ದ. ಒಂದು ತಿಂಗಳು ನಾನು ಆ ಕಡೆ ಹೋಗದೆ ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಹಾಲಿಗೆ ಹೋದೆ.

ಹೀಗಾಗಿ ತಂಗಿ ಫೋನಲ್ಲಿ "ನಮ್ಮ ಹೊಳೆ ಯಾವ್ದು" ಅಂದಾಗ ನನಗೆ ಕೇಳಿಸಿದ್ದು ಬೇರೆ ಪ್ರಶ್ನೆ. ನಾವೂ ಕೇಳುತ್ತೇವಲ್ಲ. ಯಾವ ಊರು, ಯಾರ ಪೈಕಿ, ಯಾರ ಮಗ, ಮನೆದೇವ್ರು ಯಾರು. ಬಸ್ಸಲ್ಲಿ ಪಕ್ಕ ಕೂತವರನ್ನು, ಬಾಡಿಗೆಗೆ ಮನೆ ನೋಡೋಕೆ ಬಂದವರನ್ನು. ಮಾವೋರಿ ಅಂಗಳದಲ್ಲಿ ಆ ಪ್ರಶ್ನೆ ಕೇಳುವುದು ನಿನ್ನನ್ನು ಯಾರ ಪಕ್ಕ ಕೂರಿಸಬೇಕು ಅಂತ ತಿಳಿಯೋಕೆ. ನಮ್ಮಲ್ಲಿ ಎಷ್ಟೋ ಸಲ ಕೇಳುವುದು ಎಲ್ಲಿ ಕೂರಿಸಬಾರದು ಅಂತ ತಿಳಿಯೋಕೆ. ನಮ್ಮ ಜೈಲುಗಳ ಒಳಗೂ ಅದೇ. ಹಲವು ರಾಜ್ಯಗಳ ಜೈಲು ಕೈಪಿಡಿಯಲ್ಲಿ ಅಡುಗೆ ಯಾವ ಜಾತಿಯವರು ಮಾಡಬೇಕು, ಕಕ್ಕಸು ಯಾರು ತೊಳೆಯಬೇಕು ಅಂತ ಬರೆದೇ ಇತ್ತು. ಸುಕನ್ಯಾ ಶಾಂತಾ ಅನ್ನುವ ಪತ್ರಕರ್ತೆ ಕೋರ್ಟಿಗೆ ಹೋಗಿ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ರದ್ದು ಮಾಡಿತು. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೆ.

ನಮ್ಮ ಸೆಂಟ್ರಲ್ ಜೈಲು ಇರುವುದು ಪರಪ್ಪನ ಅಗ್ರಹಾರದಲ್ಲಿ. ಹೆಸರು ನೋಡಿ. ಅಗ್ರಹಾರ ಅಂದರೆ ಹಿಂದೆ ಬ್ರಾಹ್ಮಣರಿಗೆ ದಾನ ಕೊಟ್ಟ ಊರು, ಈಗ ಬೆಂಗಳೂರಲ್ಲಿ "ಅಗ್ರಹಾರಕ್ಕೆ ಹೋದ" ಅಂದರೆ ಎಲ್ಲರಿಗೂ ಒಂದೇ ಅರ್ಥ. ಹಳೇ ಜೈಲು ಶೇಷಾದ್ರಿ ರಸ್ತೆಯಲ್ಲಿತ್ತು, ಈಗ ಅದು ಫ್ರೀಡಂ ಪಾರ್ಕ್. ಒಂದು ಭಾನುವಾರ ಹೋಗಿ ಉಳಿಸಿಕೊಂಡಿರುವ ಬ್ಯಾರಕ್ ಒಳಗೆ ಸ್ವಲ್ಪ ಹೊತ್ತು ನಿಂತೆ. ಪ್ರೇಮಿಗಳು ಗೋಡೆ ಮೇಲೆ ಹೆಸರು ಕೆತ್ತಿದ್ದಾರೆ. ಇಲ್ಲಿ ಹಾಗಾದರೆ ಏನು ಮಾಡಬಹುದು ಅಂತ ಯೋಚಿಸಿದೆ. ಮಾಡಿದವರು ಇಲ್ಲದೇ ಇಲ್ಲ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ವರ್ಷಗಟ್ಟಲೆ ಜೈಲುಗಳಲ್ಲಿ ಕೈದಿಗಳಿಗೆ ನಾಟಕ ಕಲಿಸಿದರು, ಜೈಲಿನ ಹೊರಗೂ ಅವರಿಂದ ಆಡಿಸಿದರು. ಕೊಲೆ ಮಾಡಿ ಬಂದವನೊಬ್ಬ ರಂಗದ ಮೇಲೆ ಕೊಲೆಯ ಬಗ್ಗೆ ಮಾತಾಡುವುದನ್ನು ಕೇಳುವುದು ಬೇರೆಯೇ ಅನುಭವ. ಆದರೆ ನಮ್ಮಲ್ಲಿ ಇನ್ನೊಂದು ತೊಡಕಿದೆ. 2022ರ ಸರ್ಕಾರಿ ಲೆಕ್ಕದಲ್ಲೇ ದೇಶದ ಕೈದಿಗಳಲ್ಲಿ ನೂರಕ್ಕೆ 75ರಷ್ಟು ಜನ ವಿಚಾರಣಾಧೀನರು. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಇನ್ನೂ ತೀರ್ಮಾನ ಆಗದವರು. ಅವರಿಗೆ ಸುಧಾರಣೆಯ ಪಾಠ ಹೇಳುವುದು ಹೇಗೆ? ಕೋರ್ಟಿನ ಡೇಟಿಗೆ ಕರೆದುಕೊಂಡು ಹೋಗೋಕೆ ಪೊಲೀಸ್ ಎಸ್ಕಾರ್ಟ್ ಸಿಕ್ಕರೆ ಸಾಕಾಗಿರುತ್ತದೆ.

ಹಾಗಂತ ಪೆಪೆಹಾವನ್ನು ಇಲ್ಲಿಗೆ ಎತ್ತಿಕೊಂಡು ಬಂದರೆ ಆಗುತ್ತಾ? ನನಗೆ ಭಯ ಇದೆ. ನಾಳೆ ಯಾರಾದರೂ ಭಾರತೀಯ ಸಂಸ್ಕೃತಿಯ ಸುಧಾರಣೆ ಅಂತ ಶುರು ಮಾಡಿದರೆ ಎಲ್ಲರಿಗೂ ಒಂದೇ ಶ್ಲೋಕ ಬಾಯಿಪಾಠ ಮಾಡಿಸುತ್ತಾರೆ. ಮಾವೋರಿ ಘಟಕದಲ್ಲಿ ಕಲಿಸುವುದು ಕೈದಿಯ ಅಜ್ಜಿಯ ಹಾಡು, ಬೀಗ ಹಾಕಿದವನ ಅಜ್ಜಿಯದ್ದಲ್ಲ. ಆ ವ್ಯತ್ಯಾಸ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಹೋದ ತಿಂಗಳು ದೊಡ್ಡಮ್ಮನಿಗೆ 80 ತುಂಬಿತು. ಶಾಂತಿ ಮಾಡಿಸಬೇಕು ಅಂತಾಯಿತು, ಮನೆ ಮುಂದೆ ಶಾಮಿಯಾನ ಹಾಕಿಸಬೇಕು. ದೊಡ್ಡಮ್ಮನೇ, "ಬೀದಿಯಲ್ಲೇ ಅಂಗಡಿ ಇಟ್ಕೊಂಡು ಬೇರೆ ಕಡೆ ಯಾಕೆ ಹುಡುಕ್ತೀಯ" ಅಂದರು. ಅವರಿಗೆ ನಾನು ಠಾಣೆಯಲ್ಲಿ ಏನು ಹೇಳಿದ್ದೆ ಅಂತ ಗೊತ್ತಿಲ್ಲ. ಹೋದೆ. ಮಾಲೀಕರು ಇರಲಿಲ್ಲ, ಹುಡುಗ ಇದ್ದ. ಮಾರನೇ ದಿನ ಅವನೇ ಬಂದು ಕಂಬ ನೆಟ್ಟ. ನಾನು ಸುಮ್ನೆ ಗೇಟಿನ ಹತ್ತಿರ ನಿಂತಿದ್ದೆ. ಹೇಳಬೇಕಾದ್ದು ಗಂಟಲಲ್ಲಿತ್ತು, ಬರಲಿಲ್ಲ. ಬದಲಿಗೆ ಬಾಯಿಂದ ಬಂದದ್ದು, "ನಿಮ್ಮ ಊರಲ್ಲಿ ಹೊಳೆ ಯಾವುದಪ್ಪ?"

ಅವನು ಹಗ್ಗ ಹಿಡಿದುಕೊಂಡೇ ತಿರುಗಿದ. ಇವರಿಗೇನಾಯ್ತು ಅನ್ನುವ ಹಾಗೆ ನೋಡಿದ. "ಹೊಳೆ ಎಲ್ಲಿ ಸಾರ್. ನಾವು ಒಂದು ಕಡೆ ನಿಂತೋರಲ್ಲ. ನಮ್ ತಾತ ಬುಟ್ಟಿ ಹೆಣ್ಕೊಂಡು ಊರೂರು ತಿರುಗೋನು" ಅಂದ. ಸ್ವಲ್ಪ ಹೊತ್ತು ಬಿಟ್ಟು, ಕಂಬಕ್ಕೆ ಹಗ್ಗ ಸುತ್ತುತ್ತಾ, "ಈ ಗಂಟು ಅವಂದೇ" ಅಂದ. ಎರಡು ಸುತ್ತು, ಒಂದು ಅಡ್ಡ, ತುದಿಯನ್ನು ಒಳಗಿಂದ ತೂರಿಸಿ ಒಂದು ಎಳೆತ. ಬಿಚ್ಚುವಾಗ ತುದಿ ಎಳೆದರೆ ಸಾಕು, ಪೂರ್ತಿ ಬಿಟ್ಟುಕೊಳ್ಳುತ್ತದೆ. ಬಿಚ್ಚಿ ತೋರಿಸಿದ. ಮತ್ತೆ ಕಟ್ಟಿದ. ನನಗೂ ಕಲಿಸು ಅಂದೆ. ಎರಡು ಸಲ ತಪ್ಪಿದೆ. ಮೂರನೇ ಸಲ ಅವನೇ ನನ್ನ ಕೈ ಹಿಡಿದು ತುದಿಯನ್ನು ತೂರಿಸಿದ.

ಠಾಣೆಯಲ್ಲಿ ನಿನ್ನ ಹೆಸರು ಹೇಳಿದ್ದು ನಾನೇ ಅಂತ ಆಗ ಹೇಳಿದೆ. ಅವನು ಗಂಟಿನಿಂದ ಕಣ್ಣೆತ್ತಲಿಲ್ಲ. "ಗೊತ್ತು ಸಾರ್" ಅಂದ. ಆಮೇಲೆ ಮುಂದಿನ ಕಂಬಕ್ಕೆ ಹೋಗುತ್ತಾ, "ಖುರ್ಚಿ ಎಂಬತ್ತು ಸಾಕಾ, ನೂರು ಇಳಿಸ್ಲಾ?" ಅಂತ ಕೇಳಿದ.